ಮಗ ಫಾದರ್ ಆಗ್ತೀನಿ ಅಂತಾನೆ, ಅಲ್ಲಿ ದಿನ ಹೇಗಿರುತ್ತೆ?

ಪ್ರಶ್ನೆ: ಫಾದರ್, ನಮಸ್ಕಾರ. ನಾನು ದಾವಣಗೆರೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗ ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದ, ಕಾಮರ್ಸ್. ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಂನ್ಯಾಸ ಸಭೆಯವರ ಶಿಬಿರಕ್ಕೆ ಹೋಗಿದ್ದ. ಬಂದಾಗಿನಿಂದ ‘ಅಲ್ಲೇ ಸೇರ್ತೀನಿ’ ಅಂತ ಹಟ ಹಿಡಿದಿದ್ದಾನೆ. ಪಕ್ಕದ ಮನೆಯವರು ‘ಮಠಕ್ಕೆ ಮರಿ ಕೊಟ್ಟ ಹಾಗೆ ಕೊಟ್ಟುಬಿಡ್ತೀರಾ?’ ಅಂತ ಕೇಳುತ್ತಾರೆ. ನಮ್ಮ ತಾಯಿಗೆ 78 ವರ್ಷ. ‘ನಾನು ಸತ್ತರೆ ಮೊಮ್ಮಗ ಬರ್ತಾನಾ?’ ಅಂತ ದಿನಾ ಅಳುತ್ತಾರೆ. ಅಲ್ಲಿ ಬೆಳಗಿನಿಂದ ರಾತ್ರಿವರೆಗೆ ಏನು ಮಾಡಿಸ್ತಾರೆ? ಡಿಗ್ರಿ ಓದಿಸ್ತಾರಾ? ಇಷ್ಟ ಆಗದಿದ್ದರೆ ವಾಪಸ್ ಬರಬಹುದಾ? ಏಳೂವರೆಗೆ ಎಬ್ಬಿಸಿದರೂ ಏಳದ ಹುಡುಗ ಅವನು.

ಉತ್ತರ: ಮೊದಲು ಕೊನೆಯ ಮಾತಿಗೆ ಬರುತ್ತೇನೆ. ಏಳೂವರೆಗೆ ಏಳದವನು ಐದೂಕಾಲಿಗೆ ಏಳುತ್ತಾನೆ. ಆ ಚಿಂತೆ ಬಿಡಿ. ನಲವತ್ತು ಜನ ಒಟ್ಟಿಗೆ ಎದ್ದು ಬಕೆಟ್ ಸದ್ದು ಮಾಡುವಾಗ ಒಬ್ಬನೇ ಮಲಗಿರುವುದು ಏಳುವುದಕ್ಕಿಂತ ಕಷ್ಟ. ನಾನು ಹನ್ನೊಂದು ವರ್ಷ ವಿದ್ಯಾರ್ಥಿ ಬ್ರದರ್‌ಗಳ ತರಬೇತಿ ನೋಡಿಕೊಂಡಿದ್ದೇನೆ. ಬೆಳಿಗ್ಗೆ ಏಳಲಾಗದೆ ಮನೆಗೆ ಹೋದ ಒಬ್ಬ ಹುಡುಗನನ್ನೂ ಕಾಣಲಿಲ್ಲ. ಮನೆಗೆ ಹೋದವರೆಲ್ಲ ಬೇರೆ ಕಾರಣಕ್ಕೆ ಹೋದರು. ಅದನ್ನೂ ಹೇಳುತ್ತೇನೆ.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ಮಗ ಸೇರಬೇಕು ಅನ್ನುತ್ತಿರುವುದು ಸಂನ್ಯಾಸ ಸಭೆಗೆ, ನಮ್ಮ ಧರ್ಮಕ್ಷೇತ್ರಕ್ಕಲ್ಲ, ಅಂದರೆ ನಮ್ಮ ಬಿಷಪರ ಆಡಳಿತದ ಪ್ರದೇಶಕ್ಕಲ್ಲ. ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರೂ ಜಿಲ್ಲೆ ಸೇರಿ ಶಿವಮೊಗ್ಗ ಧರ್ಮಕ್ಷೇತ್ರ, 1988ರಲ್ಲಿ ಆದದ್ದು. ಇಲ್ಲಿಯ ಗುರುಮಠದಲ್ಲಿ (ಫಾದರ್ ಆಗಲು ಓದುವ ಕಡೆ) ಓದಿದ ಹುಡುಗ ಮುಂದೆ ಇದೇ ಊರುಗಳಲ್ಲಿ, ಇದೇ ಬಿಷಪರ ಕೆಳಗೆ ಇರುತ್ತಾನೆ. ಅವನು ಬ್ರಹ್ಮಚರ್ಯ ಪಾಲಿಸುತ್ತೇನೆ, ಬಿಷಪರ ಮಾತು ಕೇಳುತ್ತೇನೆ ಎಂದು ಮಾತು ಕೊಡುತ್ತಾನೆ. ಬಡತನದ ವ್ರತ ಅವನಿಗಿಲ್ಲ. ಸಭೆ ಸೇರಿದವನಿಗೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಮೂರೂ ವ್ರತ ಉಂಟು. ಅವನನ್ನು ನಾಳೆ ಜಾರ್ಖಂಡ್‌ಗೂ ಕಳಿಸಬಹುದು, ಆಫ್ರಿಕಾಕ್ಕೂ ಕಳಿಸಬಹುದು. ‘ಹರಿಹರದಲ್ಲೋ ಹೊಸದುರ್ಗದಲ್ಲೋ ಇರ್ತಾನೆ ಬಿಡಿ’ ಅಂತ ನೀವು ಅಂದುಕೊಂಡಿದ್ದರೆ ಈಗಲೇ ಮಗನ ಹತ್ತಿರ ಮಾತಾಡಿ. ಸಭೆಯಲ್ಲಿದ್ದವರೆಲ್ಲ ಫಾದರ್ ಆಗಬೇಕೆಂದೂ ಇಲ್ಲ. ಬ್ರದರ್ ಆಗಿಯೇ ಕೊನೆವರೆಗೂ ಇರುವವರೂ ಇದ್ದಾರೆ.

ಈಗ ದಿನದ ವಿಷಯ. ಒಂದೊಂದು ಮನೆಯ ಗಂಟೆ ಒಂದೊಂದು ಥರ. ಆದರೂ ಸುಮಾರಾಗಿ ಹೀಗೆ: ಐದೂಕಾಲಿಗೆ ಏಳುವುದು. ಐದೂಮುಕ್ಕಾಲಿಗೆ ಪ್ರಾರ್ಥನಾಲಯ. ಅರ್ಧ ಗಂಟೆ ಸುಮ್ಮನೆ ಕೂತು ಧ್ಯಾನ, ಆಮೇಲೆ ಬಲಿಪೂಜೆ, ಅಂದರೆ ಮಾಸ್. ಏಳೂವರೆಗೆ ತಿಂಡಿ. ಮನೆ ಗುಡಿಸುವುದು, ಒರೆಸುವುದು. ಒಂಬತ್ತರಿಂದ ಹನ್ನೆರಡೂವರೆವರೆಗೆ ಕ್ಲಾಸು. ಊಟ, ಸ್ವಲ್ಪ ನಿದ್ದೆ. ಮಧ್ಯಾಹ್ನ ಓದು, ಇಲ್ಲವೇ ತೋಟದ ಕೆಲಸ. ನಾಲ್ಕೂವರೆಗೆ ಆಟ. ನಿಮ್ಮ ಮಗ ಕ್ರಿಕೆಟ್ ಆಡುವವನಾದರೆ ಬ್ಯಾಟ್ ಕೊಟ್ಟು ಕಳಿಸಿ, ಯಾರೂ ಬೇಡ ಅನ್ನುವುದಿಲ್ಲ. ಸ್ನಾನ, ಓದು, ಏಳಕ್ಕೆ ಸಂಜೆ ಪ್ರಾರ್ಥನೆ, ಊಟ, ಅರ್ಧ ಗಂಟೆ ಹರಟೆ, ರಾತ್ರಿ ಪ್ರಾರ್ಥನೆ. ಹತ್ತಕ್ಕೆ ದೀಪ ಆರಿಸುವುದು.

ಓದುವಾಗ ಸೈನ್ಯದ ಕ್ಯಾಂಪ್ ಥರ ಕಾಣುತ್ತೆ, ಅಲ್ವಾ? ಹಾಗಿಲ್ಲ. ಮಧ್ಯೆ ಮಧ್ಯೆ ನಗು, ತಮಾಷೆ, ಸಾಂಬಾರಿಗೆ ಉಪ್ಪು ಜಾಸ್ತಿ ಅನ್ನುವ ಗಲಾಟೆ ಎಲ್ಲ ಇರುತ್ತೆ.

ಹೊಸಬರು ತಡವರಿಸುವುದು ರಾತ್ರಿಯ ಮೌನದಲ್ಲಿ. ರಾತ್ರಿ ಪ್ರಾರ್ಥನೆ ಮುಗಿದ ಮೇಲೆ ಬೆಳಗಿನವರೆಗೆ ಯಾರೂ ಮಾತಾಡುವುದಿಲ್ಲ. ಇದಕ್ಕೆ ‘ದೊಡ್ಡ ಮೌನ’ ಅನ್ನುತ್ತೇವೆ. ಹಲ್ಲುಜ್ಜುವಾಗ ಪಕ್ಕದಲ್ಲಿ ನಿಂತವನಿಗೂ ‘ಪೇಸ್ಟ್ ಕೊಡು’ ಅಂತ ಕೈಸನ್ನೆಯಲ್ಲೇ ಕೇಳಬೇಕು. ಬೆಳಿಗ್ಗೆ ಎಲ್ಲರೂ ನಿಂತು ಹೇಳುವ ಮೊದಲ ಮಾತು ‘ಪ್ರಭೂ, ನನ್ನ ತುಟಿಗಳನ್ನು ತೆರೆ’. ಅದು ಬೈಬಲಿನ 51ನೇ ಕೀರ್ತನೆಯ ಸಾಲು. ಇದರ ಬಗ್ಗೆ ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಆದರೆ ನನಗೆ ಅದು ಅರ್ಥವಾದದ್ದು ಒಂದು ಚಳಿಗಾಲದ ಬೆಳಿಗ್ಗೆ. ಎಂಟು ಗಂಟೆ ಬಾಯಿ ಬಿಡದ ಮೂವತ್ತು ಜನರ ಗಂಟಲಿನಿಂದ ಅದು ಗೊರಗೊರ ಅಂತ ಹೊರಬಂತು. ಒಬ್ಬನ ಧ್ವನಿಯೂ ಸರಿಯಿರಲಿಲ್ಲ.

ಕೀರ್ತನೆಗಳ ವಿಷಯ ಬಂದಿದ್ದಕ್ಕೆ ಒಂದು ಮಾತು. ದಿನಕ್ಕೆ ಕನಿಷ್ಠ ಮೂರು ಸಲ, ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ, ಒಟ್ಟಿಗೆ ನಿಂತು ಇವನ್ನು ಹೇಳುತ್ತಾರೆ. 150 ಕೀರ್ತನೆಗಳಲ್ಲಿ ಹೆಚ್ಚಿನವನ್ನು ನಾಲ್ಕು ವಾರಕ್ಕೆ ಹಂಚಿದ್ದಾರೆ. ನಾಲ್ಕು ವಾರ ಮುಗಿದರೆ ಮತ್ತೆ ಮೊದಲಿಂದ. ಬೆಳಿಗ್ಗೆ ಜಕರೀಯನ ಹಾಡು, ಸಂಜೆ ಮರಿಯಮ್ಮನವರ ಹಾಡು, ರಾತ್ರಿ ಮುದುಕ ಸಿಮೆಯೋನನ ಹಾಡು. ಮೂರೂ ಲೂಕನ ಶುಭಸಂದೇಶದ ಮೊದಲ ಎರಡು ಅಧ್ಯಾಯದವು. ಹೇಳುವ ರೀತಿ ಮುಖ್ಯ. ಎರಡು ಗುಂಪಾಗಿ ಎದುರುಬದುರು ನಿಲ್ಲುತ್ತಾರೆ. ಒಂದು ಚರಣ ಇವರು ಹೇಳಿದರೆ ಮುಂದಿನದು ಅವರು. ಎದುರಿನವನು ನಿಲ್ಲಿಸಿದ ಕಡೆಯಿಂದ ನೀವು ಎತ್ತಿಕೊಳ್ಳಬೇಕು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಒಂದು ಫ್ಯಾನು.

ನಾನು ನೋಡಿಕೊಳ್ಳುತ್ತಿದ್ದ ಮನೆಗೆ ಒಂದು ವರ್ಷ ನಮ್ಮ ಬಯಲುಸೀಮೆ ಕಡೆಯ ಹುಡುಗನೊಬ್ಬ ಬಂದ. ಫ್ಯಾನ್ ಇಲ್ಲದೆ ಅವನಿಗೆ ನಿದ್ದೆ ಬಾರದು. ನಮ್ಮ ಕಡೆ ಏಪ್ರಿಲ್ ಸೆಕೆ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದ ಮಂಚದವನು ಕರಾವಳಿಯವನು. ಗಾಳಿ ತಾಗಿದರೆ ಅವನಿಗೆ ಮೂಗು ಕಟ್ಟುತ್ತಿತ್ತು. ಇವನು ಹಾಕುವುದು, ಅವನು ಆರಿಸುವುದು. ದೊಡ್ಡ ಮೌನದ ಹೊತ್ತು ಬೇರೆ, ಬಾಯಿ ಬಿಟ್ಟು ಜಗಳವೂ ಆಡುವಂತಿಲ್ಲ! ರಾತ್ರಿಯೆಲ್ಲ ಬರೀ ಸ್ವಿಚ್ಚಿನ ಟಕ್ ಟಕ್. ಹದಿನೈದು ದಿನ ಇಬ್ಬರೂ ಮಾತು ಬಿಟ್ಟರು. ಪ್ರಾರ್ಥನಾಲಯದಲ್ಲಿ ಅವರ ಜಾಗ ಎದುರುಬದುರು. ಬೆಳಿಗ್ಗೆ ಇವನು ‘ಪ್ರಭು ಕರುಣಾಮಯಿ’ ಅಂದರೆ ಮುಂದಿನ ಸಾಲು ಅವನು ಹೇಳಬೇಕು. ಇಬ್ಬರೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಮಂಚ ಬದಲಾಯಿಸಿ ಕೊಡಿ ಅಂತ ನನ್ನ ಹತ್ತಿರ ಬಂದರು, ಬೇರೆ ಬೇರೆಯಾಗಿ. ನಾನು ಒಂದು ವಾರ ಕೊಡಲಿಲ್ಲ. ಆಮೇಲೆ ಕೊಟ್ಟೆ. ಒಂದು ವಾರ ತಡೆದದ್ದು ಸರಿಯೋ ತಪ್ಪೋ ಅಂತ ಇವತ್ತಿಗೂ ಯೋಚಿಸುತ್ತೇನೆ. ಫ್ಯಾನ್ ಬೇಕು ಅಂದವನು ಈಗ ಫಾದರ್. ಬೇಡ ಅಂದವನು ಮೂರನೇ ವರ್ಷ ಮನೆಗೆ ಹೋದ. ಈಗ ಇಬ್ಬರು ಮಕ್ಕಳ ತಂದೆ. ಕ್ರಿಸ್ಮಸ್‌ಗೆ ಇಬ್ಬರ ಫೋನೂ ಬರುತ್ತೆ.

ಅಲ್ಲಿನ ನಿಜವಾದ ಕಷ್ಟ ಇದು. ಮನೆಯಲ್ಲಿ ಅಣ್ಣ ತಮ್ಮ ಜಗಳವಾಡಿದರೆ ಒಬ್ಬ ಎದ್ದು ಬೀದಿಗೆ ಹೋಗುತ್ತಾನೆ. ಹಾಸ್ಟೆಲ್ಲಿನಲ್ಲಿ ರೂಮ್ ಬದಲಾಯಿಸುತ್ತಾರೆ. ಇಲ್ಲಿ ತಾನು ಆರಿಸಿಕೊಳ್ಳದ ಜನರ ಜೊತೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಇರಬೇಕು. ಮುಂದೆ ಜೀವಮಾನವಿಡೀ ಹೀಗೇ. ಬರುವಾಗ ಹುಡುಗರು ‘ಪ್ರಾರ್ಥನೆ ಆಗುತ್ತಾ?’ ಅಂತ ಹೆದರುತ್ತಾರೆ. ಅದು ಆಗುತ್ತೆ. ನಿಮ್ಮ ಮಗ ಮನೆಯಲ್ಲಿ ಎಷ್ಟು ಜಪಸರ ಹೇಳುತ್ತಾನೆ ಅನ್ನುವುದನ್ನು ನೋಡಬೇಡಿ. ಅಂಗಡಿಯಲ್ಲಿ ಸಿಟ್ಟಿನ ಗಿರಾಕಿ ಬಂದಾಗ ಹೇಗೆ ನಡೆದುಕೊಳ್ಳುತ್ತಾನೆ ನೋಡಿ. ನಿಮಗೇ ಗೊತ್ತಾಗುತ್ತೆ.

ಕೆಲಸದ ಪಟ್ಟಿಯೂ ಹೀಗೇ. ವಾರಕ್ಕೊಮ್ಮೆ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಗಂಟೆ ಬಾರಿಸುವವನು, ಪೀಠ ಸಿದ್ಧಮಾಡುವವನು, ತರಕಾರಿ ಹೆಚ್ಚುವವರು, ಊಟ ಬಡಿಸುವವರು, ಪಾಯಿಖಾನೆ ತೊಳೆಯುವವರು. ಬುದ್ಧಿವಂತ, ದಡ್ಡ, ಸಾಹುಕಾರರ ಮಗ, ಕೂಲಿಯವರ ಮಗ ಅಂತ ನೋಡುವುದಿಲ್ಲ, ಸರದಿ ಬಂದಾಗ ತೊಳೆಯಬೇಕು. ಮನೆಯಲ್ಲಿ ತಾನು ಉಂಡ ತಟ್ಟೆ ಎತ್ತದ ಹುಡುಗರು ಮೊದಲ ಶನಿವಾರ ಮುಖ ಸಣ್ಣ ಮಾಡುತ್ತಾರೆ. ಮೂರನೇ ಶನಿವಾರದ ಹೊತ್ತಿಗೆ ಹಾಡು ಹೇಳುತ್ತಾ ತೊಳೆಯುತ್ತಾರೆ.

ಊಟದ ಬಗ್ಗೆ ನೀವು ಕೇಳಲಿಲ್ಲ. ಮಗನ ತಾಯಿ ಕೇಳಿಯೇ ಕೇಳುತ್ತಾರೆ. ಹೊಟ್ಟೆ ತುಂಬಾ ಇರುತ್ತೆ. ಆದರೆ ಜೋಳದ ರೊಟ್ಟಿ ಸಿಗುವುದು ಕಷ್ಟ. ಕೇರಳದವರು, ತಮಿಳರು, ಗೋವಾದವರು, ಉತ್ತರದವರು ಎಲ್ಲ ಸೇರಿದ ಮನೆಯಲ್ಲಿ ಅಡುಗೆ ಯಾರ ಮನೆಯದೂ ಆಗಿರುವುದಿಲ್ಲ. ಭಾನುವಾರ ಸಂಜೆ ಕೆಲವು ಕಡೆ ಹುಡುಗರೇ ಏನಾದರೂ ಮಾಡುತ್ತಾರೆ. ನಾನೇ ಒಂದು ಸಲ ಮಂಡಕ್ಕಿ ಒಗ್ಗರಣೆಗೆ ಇಳಿದೆ. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ, ಮೇಲೆ ಪುಟಾಣಿ ಪುಡಿ. ಕೇರಳದ ಬ್ರದರ್ ಒಬ್ಬರು ನೆನೆಸಿದ ಮಂಡಕ್ಕಿಯನ್ನು ನೋಡಿ ‘ಗರಿಗರಿ ಇರೋದನ್ನ ಯಾಕೆ ಹಾಳು ಮಾಡ್ತಾ ಇದೀರಾ?’ ಅಂತ ಪಾಪ ಗಾಬರಿಯಾದರು. ತಿಂದ ಮೇಲೆ ಇನ್ನೆರಡು ಸಲ ಬಡಿಸಿಕೊಂಡರು. ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಲಿಲ್ಲ ಅನ್ನುವ ಬೇಜಾರು ನನಗೆ ಮಾತ್ರ.

ಓದಿನ ದಾರಿ ಉದ್ದ. ಮೊದಲ ಒಂದೆರಡು ವರ್ಷ ಅಭ್ಯರ್ಥಿ. ಇಂಗ್ಲಿಷ್ ಕಲಿಯುವುದು, ಮನೆಗೆ ಹೊಂದಿಕೊಳ್ಳುವುದು. ಆಮೇಲೆ ನಾವಿಶಿಯೇಟ್, ಅಂದರೆ ವ್ರತ ತೆಗೆದುಕೊಳ್ಳುವ ಮುಂಚಿನ ತರಬೇತಿ. ಇದು ಕನಿಷ್ಠ ಒಂದು ಪೂರ್ತಿ ವರ್ಷ, ಎರಡಕ್ಕಿಂತ ಜಾಸ್ತಿ ಇಲ್ಲ. ಯೇಸುಸಭೆಯಂಥ (ಜೆಸ್ವಿಟರ) ಕಡೆ ಎರಡು ವರ್ಷ, ಅದರಲ್ಲಿ 30 ದಿನದ ಮೌನದ ಧ್ಯಾನವೂ ಸೇರಿದೆ. ನಾವಿಶಿಯೇಟಿನಲ್ಲಿ ಕಾಲೇಜು ಇಲ್ಲ, ಪರೀಕ್ಷೆ ಇಲ್ಲ. ಪ್ರಾರ್ಥನೆ, ಸಭೆಯ ನಿಯಮ, ತೋಟದ ಕೆಲಸ, ರೋಗಿಗಳ ಸೇವೆ. ಅದು ಮುಗಿದರೆ ಮೊದಲ ವ್ರತ. ಮುಂದೆ ಡಿಗ್ರಿ, ತತ್ವಶಾಸ್ತ್ರ, ಒಂದೆರಡು ವರ್ಷ ಶಾಲೆಯಲ್ಲೋ ಹಳ್ಳಿಯಲ್ಲೋ ಕೆಲಸ, ಆಮೇಲೆ ದೈವಶಾಸ್ತ್ರ. ಫಾದರ್ ಆಗುವವನು ಕನಿಷ್ಠ ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಬೇಕು. 25 ವರ್ಷ ತುಂಬದೆ ಗುರುಪಟ್ಟ ಇಲ್ಲ. ಎಲ್ಲ ಸೇರಿ ಹತ್ತು ಹನ್ನೆರಡು ವರ್ಷ ಅಂತ ಇಟ್ಟುಕೊಳ್ಳಿ.

ಡಿಗ್ರಿ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಚರ್ಚಿನ ತತ್ವಶಾಸ್ತ್ರದ ಸರ್ಟಿಫಿಕೇಟು ಹೊರಗಿನ ಕೆಲಸಕ್ಕೆ ಎಲ್ಲ ಕಡೆ ನಡೆಯುವುದಿಲ್ಲ. ಆದ್ದರಿಂದ ‘ವಿಶ್ವವಿದ್ಯಾಲಯದ ಬಿ.ಎ. ಅಥವಾ ಬಿ.ಕಾಂ. ಯಾವಾಗ ಮಾಡಿಸುತ್ತೀರಿ?’ ಅಂತ ನೇರವಾಗಿ ಕೇಳಿ. ಸಂಕೋಚ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಕಾಮರ್ಸ್ ಓದಿದ ಹುಡುಗ ಇಲ್ಲೇ ಬಿ.ಕಾಂ. ಮುಗಿಸಿ 21ಕ್ಕೆ ಸೇರಿದರೂ ಏನೂ ತಡವಲ್ಲ. ಕರೆ ನಿಜವಾಗಿದ್ದರೆ ಮೂರು ವರ್ಷ ಕಾಯುತ್ತೆ. ಇದನ್ನು ಕೇಳಿ ಕೆಲವು ಫಾದರ್‌ಗಳಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ.

ಮಠಕ್ಕೆ ಮರಿ ಕೊಟ್ಟ ಹಾಗೆ ಅಂದರಲ್ಲ ಪಕ್ಕದ ಮನೆಯವರು, ಅವರಿಗೆ ಇಷ್ಟು ಹೇಳಿ. ಇಲ್ಲಿ ಮಗನನ್ನು ಯಾರೂ ಕೊಡುವುದಿಲ್ಲ. ಕೊಡಲು ಬರುವುದೂ ಇಲ್ಲ. ಅವನೇ ಹೋಗಬೇಕು. 1983ರ ಚರ್ಚ್ ಕಾನೂನಿನ ಪ್ರಕಾರ 17 ತುಂಬದವನನ್ನು ನಾವಿಶಿಯೇಟಿಗೆ ಸೇರಿಸಿಕೊಂಡರೆ ಅದು ಊರ್ಜಿತವಲ್ಲ. ಬಲವಂತ, ಹೆದರಿಕೆ, ಮೋಸ ಇದ್ದರೂ ಅಷ್ಟೇ. ಅಪ್ಪ ಹರಕೆ ಹೊತ್ತಿದ್ದಾರೆ ಅಂತ ಬಂದ ಹುಡುಗರನ್ನು ನಾನೇ ವಾಪಸ್ ಕಳಿಸಿದ್ದೇನೆ. ಮೊದಲ ವ್ರತಕ್ಕೆ 18, ಕೊನೆಯ ವ್ರತಕ್ಕೆ 21 ಆಗಿರಲೇಬೇಕು.

ವಾಪಸ್ ಬರುವುದು? ನಾವಿಶಿಯೇಟಿನಲ್ಲಿದ್ದಾಗ ಯಾವ ದಿನ ಬೇಕಾದರೂ ಪೆಟ್ಟಿಗೆ ಕಟ್ಟಬಹುದು. ಮೊದಲ ವ್ರತ ಆದ ಮೇಲೆ ಅದಕ್ಕೊಂದು ಅವಧಿ ಇರುತ್ತೆ. ಅದು ಮುಗಿದ ದಿನ ‘ಮುಂದುವರಿಸುವುದಿಲ್ಲ’ ಅಂದರೆ ಆಯಿತು. ಮಧ್ಯದಲ್ಲಿ ಹೋಗಬೇಕಾದರೆ ಗಟ್ಟಿ ಕಾರಣ ಬರೆದುಕೊಟ್ಟು ಸಭೆಯ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು. ಕೊನೆಯ ವ್ರತಕ್ಕೆ ಮುಂಚೆ ಕನಿಷ್ಠ ಮೂರು ವರ್ಷ ಹೀಗೆ ತಾತ್ಕಾಲಿಕ ವ್ರತದಲ್ಲೇ ಇರಬೇಕು. ಬಾಗಿಲು ಅಲ್ಲಿ ತೆಗೆದೇ ಇರುತ್ತೆ. ತೊಂದರೆ ಆಗುವುದು ಈ ಕಡೆ ಬಾಗಿಲಿನಲ್ಲಿ. ‘ಫಾದರ್ ಆಗೋಕೆ ಹೋಗಿ ಓಡಿ ಬಂದ’ ಅಂತ ಬೀದಿಯವರು ಅನ್ನುತ್ತಾರೆ. ಆ ಮಾತಿಗೆ ಹೆದರಿ ಮನಸ್ಸಿಲ್ಲದೆ ವರ್ಷಗಟ್ಟಲೆ ಅಲ್ಲೇ ಉಳಿದವರನ್ನು ನೋಡಿದ್ದೇನೆ. ಅವರ ಮುಖ ನೋಡಲು ಆಗುವುದಿಲ್ಲ. ಹೋಗುವ ಮುಂಚೆ ನೀವು ಮಗನಿಗೆ ಒಂದು ಮಾತು ಹೇಳಿ: ‘ಬರಬೇಕು ಅನ್ನಿಸಿದರೆ ಬಾ, ಯಾಕೆ ಅಂತ ಕೇಳಲ್ಲ.’ ನಿಮ್ಮ ಬಾಯಿಂದಲೇ ಹೇಳಿ, ತಾಯಿಯ ಕೈಲಿ ಹೇಳಿಸಬೇಡಿ.

ಇನ್ನು ಅಜ್ಜಿಯ ಪ್ರಶ್ನೆ. ಇದಕ್ಕೆ ನನ್ನದೇ ಕಥೆ ಹೇಳಬೇಕು. ನಾನು ನಾವಿಶಿಯೇಟಿನಲ್ಲಿದ್ದಾಗ ನಮ್ಮಜ್ಜಿ ತೀರಿಕೊಂಡರು. ಚಿತ್ರದುರ್ಗದ ಹತ್ತಿರದ ಹಳ್ಳಿ. ಟೆಲಿಗ್ರಾಂ ಬೆಳಿಗ್ಗೆಯೇ ಬಂದಿತ್ತು. ಆಗಿನ ಮೇಲಿನವರು ಅದನ್ನು ನನ್ನ ಕೈಗೆ ಕೊಟ್ಟದ್ದು ಸಂಜೆ ಪ್ರಾರ್ಥನೆ ಆದ ಮೇಲೆ. ‘ನಾವಿಶಿಯೇಟಿನಲ್ಲಿ ಹೊರಗೆ ಹೋಗುವಂತಿಲ್ಲ, ಇಲ್ಲೇ ಅವರಿಗಾಗಿ ಪ್ರಾರ್ಥಿಸು’ ಅಂದರು. ನಾನು ಹೂಂ ಅಂದೆ. ಕಾನೂನು ಏನು ಹೇಳುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ, ನಾನೇ ಪಾಠ ಮಾಡುವಾಗ, ಆ ಪುಟ ತೆಗೆದು ಓದಿದೆ. ಮೂರು ತಿಂಗಳು ಮೀರಿ ಹೊರಗಿದ್ದರೆ ನಾವಿಶಿಯೇಟ್ ಊರ್ಜಿತವಾಗುವುದಿಲ್ಲ. 15 ದಿನ ಮೀರಿದರೆ ಅಷ್ಟು ದಿನ ಮತ್ತೆ ತುಂಬಿಕೊಡಬೇಕು. ಅಷ್ಟೇ! ನನಗೆ ಬೇಕಾಗಿದ್ದದ್ದು ಎರಡು ದಿನ. ಕಾನೂನು ಬಿಡುತ್ತಿತ್ತು, ಮನುಷ್ಯ ಬಿಡಲಿಲ್ಲ.

ಈಗ ಕಾಲ ಬೇರೆ. ನನಗೆ ಗೊತ್ತಿರುವ ಮನೆಗಳಲ್ಲಿ ಸಾವು, ಗಂಭೀರ ಕಾಯಿಲೆ ಅಂದರೆ ಅದೇ ರಾತ್ರಿ ಬಸ್ ಹತ್ತಿಸುತ್ತಾರೆ. ವರ್ಷಕ್ಕೊಮ್ಮೆ ರಜೆಗೂ ಬಿಡುತ್ತಾರೆ, ನಾವಿಶಿಯೇಟಿನ ವರ್ಷ ಒಂದು ಬಿಟ್ಟು. ಕ್ರಿಸ್ಮಸ್ ಮಾತ್ರ ಹೆಚ್ಚಾಗಿ ಅಲ್ಲೇ. ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ, ಸೆಪ್ಟೆಂಬರ್ 8ಕ್ಕೆ, ಬರುತ್ತಾನೆ ಅಂತ ಅಂದುಕೊಳ್ಳಬೇಡಿ, ಅದು ಕ್ಲಾಸಿನ ಸಮಯ. ಆದರೂ ಸುಮ್ನೆ ನನ್ನ ಮಾತಿನ ಮೇಲೆ ನಂಬಬೇಡಿ. ಸೇರಿಸುವ ಮುಂಚೆ ಆ ಮನೆಗೆ ಹೋಗಿ. ಅಜ್ಜಿಯ ಪ್ರಶ್ನೆಯನ್ನು ಅಜ್ಜಿ ಕೇಳಿದ ಹಾಗೇ ಕೇಳಿ. ಉತ್ತರ ಕೊಡುವವರ ಮುಖ ನೋಡಿ.

ಹೋದಾಗ ಇನ್ನೆರಡು ವಿಷಯ ಕೇಳಿ. ಫೋನ್ ಯಾವಾಗ ಕೊಡುತ್ತಾರೆ? ಮೊದಲ ವರ್ಷಗಳಲ್ಲಿ ಮೊಬೈಲ್ ತೆಗೆದಿಟ್ಟುಕೊಂಡು ವಾರಕ್ಕೊಮ್ಮೆ ಮಾತಾಡಲು ಬಿಡುವುದು ಸಾಮಾನ್ಯ. ಅದರಲ್ಲಿ ತಪ್ಪಿಲ್ಲ. ಆದರೆ ಕಷ್ಟ ಬಂದಾಗ ಯಾರನ್ನೂ ಕೇಳದೆ ಮನೆಗೆ ಫೋನ್ ಮಾಡುವ ದಾರಿ ಇರಲೇಬೇಕು, ಅದೂ 18 ತುಂಬದ ಹುಡುಗನಿಗೆ. ಎರಡನೆಯದು, ಹುಡುಗ ಮನಸ್ಸು ಬಿಚ್ಚಿ ಮಾತಾಡುವ ಆತ್ಮಿಕ ಮಾರ್ಗದರ್ಶಿಯೂ ಅವನ ಬಗ್ಗೆ ರಿಪೋರ್ಟ್ ಬರೆಯುವವರೂ ಬೇರೆ ಬೇರೆಯಾ? ನಾವಿಶಿಯೇಟಿನ ಮುಖ್ಯಸ್ಥರು ತಮ್ಮ ಮನೆಯ ಹುಡುಗರ ಪಾಪನಿವೇದನೆ ಕೇಳಬಾರದು, ಹುಡುಗನೇ ಬಯಸಿ ಕೇಳಿಕೊಂಡರೆ ಮಾತ್ರ ಆಗಬಹುದು ಅಂತ ಕಾನೂನಿದೆ. ‘ನಮ್ಮಲ್ಲಿ ಎಲ್ಲಾ ನಾನೇ ನೋಡ್ಕೋತೀನಿ’ ಅನ್ನುವವರು ಸಿಕ್ಕರೆ ಟೀ ಕುಡಿದು ಎದ್ದು ಬನ್ನಿ.

ಕೊನೆಗೆ ಪೆಟ್ಟಿಗೆ. ಬಕೆಟ್, ಮಗ್, ಸೊಳ್ಳೆಪರದೆ, ಟಾರ್ಚ್, ಎರಡು ಲುಂಗಿ. ಬೆಂಗಳೂರಾದರೆ ಒಂದು ಸ್ವೆಟರ್, ದಾವಣಗೆರೆಯವರಿಗೆ ಅದು ನೆನಪಾಗುವುದಿಲ್ಲ. ಬಟ್ಟೆಗೆ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆಯಬೇಡಿ, ಮೂರು ಒಗೆತಕ್ಕೆ ಹೋಗುತ್ತೆ. ಅಲ್ಲಿ ಒಂದೇ ತಂತಿ ಮೇಲೆ ನಲವತ್ತು ಬಿಳಿ ಬನಿಯನ್ ಒಣಗುತ್ತವೆ. ಪ್ರತಿ ಹುಡುಗನಿಗೂ ಒಂದು ನಂಬರ್ ಕೊಡುತ್ತಾರೆ. ಆ ನಂಬರನ್ನು ಮುಂಚೆಯೇ ಕೇಳಿಕೊಂಡು ಕಾಲರ್ ಒಳಗೆ, ಟವೆಲಿನ ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದುಬಿಡಿ. ನೀವು ಟೈಲರ್, ನಿಮಗೆ ಅರ್ಧ ಗಂಟೆ ಕೆಲಸ. ನನ್ನದು 37. ನಮ್ಮಜ್ಜಿ ಸೂಜಿಯಲ್ಲಿ ಹೊಲಿದದ್ದು, 7 ಸ್ವಲ್ಪ ವಾಲಿದೆ. ಆ ಟವೆಲ್ ಇನ್ನೂ ಇಟ್ಟುಕೊಂಡಿದ್ದೇನೆ.